ಹಿಮವು ಕಾಪಿಟ್ಟ ಸೀಸದ ಇತಿಹಾಸ

ಇತಿಹಾಸದ ಆಧಾರಗಳೆಂದೊಡನೆ ಶಿಲಾಶಾಸನ, ತಾಮ್ರಪಟ, ತಾಳೆಯೋಲೆಗಳು ನೆನಪಾಗುವುದು ಸಹಜ. ಆದರೆ ಯಾರೂ ಉದ್ದೇಶಪೂರ್ವಕವಾಗಿ ಬರೆಯದ ದಾಖಲೆಗಳೂ ಲೋಕದಲ್ಲುಂಟು. ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಮೆಯಿರುವ ವಸ್ತುವನ್ನು ಅಳೆಯಬಲ್ಲ ರಾಸಾಯನಿಕ ವಿಶ್ಲೇಷಣೆಯು ಅವುಗಳನ್ನು ಓದಿ ಹೇಳುತ್ತದೆ.

ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ (1922–1995) ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು, ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷಗಳೆಂದು 1956ರಲ್ಲಿ ನಿರ್ಣಯಿಸಿದರು. ಈ ಕಾರ್ಯದಲ್ಲಿ ಅವರಿಗೆ ಒದಗಿದ ವಿಘ್ನವು ವಿಚಿತ್ರವಾದುದು. ಗಾಜಿನ ಪಾತ್ರೆ, ಆಮ್ಲ, ನೀರು, ಕೊಠಡಿಯ ಧೂಳು ಎಲ್ಲದರಲ್ಲಿಯೂ ಸೀಸವಿದ್ದು, ಅಳೆಯಬೇಕಾದ ಅಂಶವನ್ನೇ ಮುಚ್ಚಿಬಿಡುತ್ತಿತ್ತು. ಅತ್ಯಂತ ಶುದ್ಧವಾದ ಪ್ರಯೋಗಶಾಲೆಯನ್ನು ನಿರ್ಮಿಸಿಕೊಂಡ ಮೇಲೆಯೇ ಫಲ ದೊರೆಯಿತು. ಆದರೆ ಇಷ್ಟೊಂದು ಸೀಸ ಎಲ್ಲಿಂದ ಬಂದಿತೆಂಬ ಪ್ರಶ್ನೆ ಉಳಿಯಿತು.

ಉತ್ತರವು ಗ್ರೀನ್‌ಲೆಂಡಿನ ಹಿಮದಲ್ಲಿ ದೊರಕಿತು. ಅಲ್ಲಿ ವರ್ಷವರ್ಷವೂ ಬೀಳುವ ಹಿಮವು ಪದರಪದರವಾಗಿ ಗಟ್ಟಿಗೊಂಡು, ಆಯಾ ಕಾಲದ ಗಾಳಿಯ ಧೂಳನ್ನು ತನ್ನಲ್ಲಿ ಹುದುಗಿಸಿಕೊಳ್ಳುತ್ತದೆ. ಪ್ಯಾಟರ್ಸನ್ನರೂ ಸಂಗಡಿಗರೂ 1969ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕ್ರಿ.ಪೂ. 800ರ ಸುಮಾರಿನ ಹಿಮಕ್ಕೆ ಹೋಲಿಸಿದರೆ 1960ರ ದಶಕದ ಹಿಮದಲ್ಲಿ ಸೀಸವು 200 ಪಟ್ಟಿಗೂ ಮಿಗಿಲಾಗಿತ್ತು. 1940ರ ತರುವಾಯದ ಏರಿಕೆಯೇ ಅತಿ ತೀವ್ರವಾದುದು. 1923ರಿಂದ ಪೆಟ್ರೋಲಿಗೆ ಬೆರೆಸುತ್ತ ಬಂದ ಸೀಸವು ಇದಕ್ಕೆ ಮುಖ್ಯ ಕಾರಣವಾಗಿತ್ತು.

ಪ್ರಾಚೀನರೂ ಇದಕ್ಕೆ ಹೊರತಲ್ಲ. ಗ್ರೀಕರೂ ರೋಮನರೂ ಬೆಳ್ಳಿಗಾಗಿ ಸೀಸದ ಅದಿರನ್ನು ಕಾಸುತ್ತಿದ್ದರು. ಆ ಹೊಗೆಯು ಸಾಗರವನ್ನು ದಾಟಿ ಗ್ರೀನ್‌ಲೆಂಡಿನಲ್ಲಿ ನೆಲಸಿತು. ಸುಮಾರು ಕ್ರಿ.ಪೂ. 500ರಿಂದ ಕ್ರಿ.ಶ. 300ರವರೆಗಿನ ಪದರಗಳಲ್ಲಿ ಸೀಸವು ಸಹಜ ಪ್ರಮಾಣದ ನಾಲ್ಕು ಪಟ್ಟು ಇದ್ದುದನ್ನು 1994ರ ಸಂಶೋಧನೆ ತೋರಿಸಿತು. 2018ರಲ್ಲಿ ಪ್ರಕಟವಾದ ಇನ್ನೂ ಸೂಕ್ಷ್ಮವಾದ ಅಧ್ಯಯನದಲ್ಲಿ ರೋಮಿನ ಯುದ್ಧ, ಶಾಂತಿ, ಸಾಂಕ್ರಾಮಿಕ ರೋಗಗಳಿಗೆ ಅನುಗುಣವಾಗಿ ಸೀಸವು ಏರಿಳಿದುದು ಕಂಡುಬಂದಿತು.

ಇದು ಕೇವಲ ಪಂಡಿತರ ಕುತೂಹಲದ ವಿಷಯವಲ್ಲ. ಸೀಸವು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ವಿಷ. ದೇಹದಲ್ಲಿ ಅಷ್ಟಿಷ್ಟು ಸೀಸವಿರುವುದು ಪ್ರಕೃತಿಸಹಜವೆಂಬ ವಾದವು ಆಗ ಪ್ರಬಲವಾಗಿತ್ತು. ಸಾಮಾನ್ಯವಾದುದೆಲ್ಲವೂ ಸಹಜವಲ್ಲವೆಂದು ಪ್ಯಾಟರ್ಸನ್ 1965ರಲ್ಲಿಯೇ ಪ್ರತಿಪಾದಿಸಿದರು. ಪೆರು ದೇಶದ ಪುರಾತನರ ಎಲುಬುಗಳಲ್ಲಿ ಸೀಸವು ಆಧುನಿಕರಲ್ಲಿರುವುದರ ನೂರಾರರಲ್ಲಿ ಒಂದು ಪಾಲು ಮಾತ್ರವೆಂದು 1979ರಲ್ಲಿ ಪ್ರಕಟವಾದ ಸಂಶೋಧನೆಯು ಈ ಮಾತಿಗೆ ಸಾಕ್ಷ್ಯ ಒದಗಿಸಿತು.

ಸೀಸ ಬೆರೆತ ಪೆಟ್ರೋಲು ಅಮೆರಿಕದ ರಸ್ತೆಗಳಿಂದ 1996ರಲ್ಲಿ, ಭಾರತದಲ್ಲಿ 2000ದಲ್ಲಿ ನಿಷಿದ್ಧವಾಯಿತು. 2021ರಲ್ಲಿ ಆಲ್ಜೀರಿಯ ಅದನ್ನು ಕೈಬಿಟ್ಟಾಗ ಜಗತ್ತಿನ ವಾಹನಗಳಿಂದಲೇ ತೊಲಗಿತು. ಕಲ್ಲಿನ ಶಾಸನವು ಬರೆಸಿದವನ ಇಷ್ಟದಂತೆ ನುಡಿಯುತ್ತದೆ. ಹಿಮದ ಶಾಸನವಾದರೋ ನಾವು ಗಾಳಿಗೆ ಬಿಟ್ಟುದನ್ನು ಇದ್ದಂತೆಯೇ ನುಡಿಯುತ್ತದೆ. ಮುಂದಿನ ಪದರವು ನಿರ್ಮಲವಾಗಿರುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.