ಒಂದು ಪೌಂಡಿನ ಎರಡು ಕಥೆಗಳು

ಬೆಳ್ಳಿಹಬ್ಬದ ಈ ಸಂಚಿಕೆಗೆ ಸಹಕಾರ ಚಳವಳಿಯ ಇತಿಹಾಸದ ಬಗ್ಗೆ ಏನಾದರೂ ಬರೆಯಬೇಕೆಂದು ಹೊರಟಾಗ, ಎಲ್ಲರಿಗೂ ಗೊತ್ತಿರುವ ರಾಚ್‌ಡೇಲ್ ಕಥೆಯನ್ನೇ ಮತ್ತೆ ಹೇಳಬೇಕೇ ಅಂತ ನಮಗೆ ಅನುಮಾನ ಬಂತು. ಆದರೆ ಅದೇ ಇಂಗ್ಲೆಂಡಿನ ಇನ್ನೊಂದು ಅಂಗಡಿಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಹಳೆಯ ಕಥೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ಎರಡರಲ್ಲೂ ಒಂದೊಂದು ಪೌಂಡ್ ಇದೆ.

ಮೊದಲನೆಯದು 1844ರದು. ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ 28 ಮಂದಿ ಬಡವರು, ನೇಕಾರರೂ ಸೇರಿದಂತೆ, ತಲೆಗೊಂದು ಪೌಂಡ್ ಷೇರು ಹಣ ಕೂಡಿಸಿದರು. ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಹಿಟ್ಟು, ಬೆಣ್ಣೆ, ಸಕ್ಕರೆಯ ಪುಟ್ಟ ಅಂಗಡಿ ತೆರೆದರು. ಸದಸ್ಯನಿಗೊಂದೇ ಮತ, ಲಾಭ ಬಂದರೆ ಅವರವರ ಖರೀದಿಗೆ ತಕ್ಕಂತೆ ಹಂಚಿಕೆ. ನಮ್ಮ ನಾಡಿನಲ್ಲಿ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪವೂ ಇದೇ ವಂಶದ್ದು.

ಎರಡನೆಯದು ಬ್ರಿಟಿಷ್ ಹೋಮ್ ಸ್ಟೋರ್ಸ್, ಅಂದರೆ ಬಿಎಚ್‌ಎಸ್ ಎಂಬ ಕಂಪನಿಯದು. 1928ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಶುರುವಾದ ಇದು ಬಟ್ಟೆಬರೆ, ದೀಪ, ಮನೆಸಾಮಾನು ಮಾರುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 2000ದಲ್ಲಿ ಫಿಲಿಪ್ ಗ್ರೀನ್ ಎಂಬ ಉದ್ಯಮಿ ಇದನ್ನು 20 ಕೋಟಿ ಪೌಂಡಿಗೆ ಕೊಂಡರು. ಮೊದಲ ವರ್ಷಗಳಲ್ಲಿ ಮಾಲೀಕರಿಗೆ ಭಾರೀ ಡಿವಿಡೆಂಡ್ ಹೋಯಿತು. ಆಮೇಲೆ ವ್ಯಾಪಾರ ಇಳಿಯಿತು, ನಷ್ಟ ಏರಿತು, ನೌಕರರ ಪಿಂಚಣಿ ನಿಧಿ ಬರಿದಾಗುತ್ತಾ ಬಂತು.

2015ರ ಮಾರ್ಚಿನಲ್ಲಿ ಕಂಪನಿ ಮಾರಾಟವಾಯಿತು. ಬೆಲೆ ಒಂದೇ ಒಂದು ಪೌಂಡ್! ಕೊಂಡ ಗುಂಪಿನ ಮುಖಂಡರಿಗೆ ಅಂಗಡಿ ನಡೆಸಿದ ಅನುಭವವಿರಲಿಲ್ಲ, ಹಿಂದೆ ದಿವಾಳಿಯೂ ಆಗಿದ್ದರು. ಇಪ್ಪತ್ತು ಮೂವತ್ತು ವರ್ಷ ಕೌಂಟರಿನಲ್ಲಿ ನಿಂತು ಗಿರಾಕಿಗಳ ಮುಖ ನೋಡಿ ನಗುತ್ತಾ ಬಂದವರನ್ನು ಈ ವ್ಯವಹಾರದಲ್ಲಿ ಯಾರೂ ಒಂದು ಮಾತು ಕೇಳಬೇಕಾಗಿರಲಿಲ್ಲ. ಅವರಿಗೆ ಮತವೇ ಇರಲಿಲ್ಲ.

ಹದಿನಾಲ್ಕು ತಿಂಗಳೂ ಕಳೆದಿರಲಿಲ್ಲ, ಜಪ್ತಿಯ ಹಾಗೆ ಬಂತು ಸುದ್ದಿ. 2016ರ ಏಪ್ರಿಲ್ 25ರಂದು ಕಂಪನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಗ 164 ಅಂಗಡಿ, ಸುಮಾರು 11,000 ಉದ್ಯೋಗ. ಪಿಂಚಣಿ ನಿಧಿಯ ಕೊರತೆ 57 ಕೋಟಿ 10 ಲಕ್ಷ ಪೌಂಡ್. ಇನ್ನೊಬ್ಬ ಧಣಿ ಸಿಗುತ್ತಾನೋ ಇಲ್ಲವೋ ಎಂದು ಐದಾರು ವಾರ ತೂಗುಯ್ಯಾಲೆ. ಕೊಳ್ಳುವವರು ಬಂದರೆ ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾವ ಅಂಗಡಿ ಮುಚ್ಚುತ್ತಾರೆ, ಪಿಂಚಣಿ ಗತಿಯೇನು? ಈ ಚಿಂತೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ದಿನಾ ಬಾಗಿಲು ತೆರೆದು ವ್ಯಾಪಾರ ಮಾಡಬೇಕಿತ್ತು. ಜೂನ್ 2ರಂದು ಕೊಳ್ಳುವವರಿಲ್ಲವೆಂದು ಘೋಷಣೆಯಾಯಿತು. ಆಗಸ್ಟ್ 28ಕ್ಕೆ ಕೊನೆಯ ಬಾಗಿಲೂ ಮುಚ್ಚಿತು.

ಪಾರ್ಲಿಮೆಂಟಿನ ಸಮಿತಿಗಳು ವಿಚಾರಣೆ ನಡೆಸಿ ಛೀಮಾರಿ ಹಾಕಿದವು. ಪಿಂಚಣಿ ನಿಯಂತ್ರಕರ ಒತ್ತಾಯದ ಮೇಲೆ ಗ್ರೀನ್ ಅವರು 2017ರಲ್ಲಿ ಪಿಂಚಣಿಗಾಗಿ 36 ಕೋಟಿ 30 ಲಕ್ಷ ಪೌಂಡ್ ಕೊಡಲು ಒಪ್ಪಿದರು. ಪಿಂಚಣಿ ಅಷ್ಟರಮಟ್ಟಿಗೆ ಉಳಿಯಿತು, ಕೆಲಸ ಮಾತ್ರ ಉಳಿಯಲಿಲ್ಲ.

ಹಾಗಾದರೆ ಸಹಕಾರಿ ಅಂಗಡಿಗೆ ಈ ಗತಿ ಬರುವುದೇ ಇಲ್ಲವೇ? ಹಾಗೆಂದು ಜಂಬ ಪಡುವ ಹಾಗಿಲ್ಲ. ರಾಚ್‌ಡೇಲ್ ಪರಂಪರೆಯದೇ ಆದ ಬ್ರಿಟನ್ನಿನ ಕೋ-ಆಪರೇಟಿವ್ ಗ್ರೂಪ್, ತನ್ನ ಬ್ಯಾಂಕಿನ ಅವಾಂತರದಿಂದಾಗಿ 2013ನೇ ಸಾಲಿಗೆ 250 ಕೋಟಿ ಪೌಂಡ್ ನಷ್ಟ ತೋರಿಸಿತು. 2014ರಲ್ಲಿ ತನ್ನ ಹೊಲಗಳನ್ನೂ ಔಷಧಿ ಅಂಗಡಿಗಳನ್ನೂ ಮಾರಬೇಕಾಯಿತು. ಲಕ್ಷಗಟ್ಟಲೆ ಸದಸ್ಯರಿದ್ದರೂ ಲೆಕ್ಕ ಗಟ್ಟಿಯಾಗಿ ಕೇಳುವವರಿಲ್ಲದಿದ್ದರೆ ಹೀಗೇ. ಕೈಯಲ್ಲಿ ಮತವಿದ್ದರೆ ಸಾಲದು, ಅದನ್ನು ಬಳಸಬೇಕು.

ಸದಸ್ಯ ಬಾಂಧವರೇ, ನಮ್ಮ ಸಂಘದ ಮಳಿಗೆಯಲ್ಲೂ ತಕ್ಕಡಿ ಹಿಡಿಯುವವರು, ಲೆಕ್ಕ ಬರೆಯುವವರು ಇದ್ದಾರೆ. ಅವರ ಮನೆಯ ಒಲೆ ಈ ಸಂಘವನ್ನು ನಂಬಿದೆ. ಮಹಾಸಭೆಯ ನೋಟೀಸು ಬಂದಾಗ 'ನಮಗ್ಯಾಕೆ ಬಿಡಿ' ಅನ್ನದೆ ಬನ್ನಿ, ಅಢಾವೆ ಪತ್ರಿಕೆ ಓದಿ, ಅರ್ಥವಾಗದ್ದನ್ನು ನಿಂತು ಕೇಳಿ. ಸಾಲ ತೆಗೆದುಕೊಂಡವರು ಹೊತ್ತಿಗೆ ಸರಿಯಾಗಿ ಕಟ್ಟಿ. 28 ಜನರ ಒಂದು ಪೌಂಡ್ ಒಂದು ಚಳವಳಿಯನ್ನೇ ಕಟ್ಟಿತು. ಇನ್ನೊಂದು ಪೌಂಡಿಗೆ 11,000 ಜನರ ಅನ್ನ ಕೈ ಬದಲಾಯಿತು. ನಮ್ಮ ಷೇರು ಹಣ ಮೊದಲನೆಯ ಜಾತಿಯದಾಗಿಯೇ ಉಳಿಯಲಿ, ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.