ನಾಡಿಗಿಂತ ಮೊದಲೇ ಹೊತ್ತ ಹೆಸರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡಿ ಬೆಳೆದ ನನಗೆ, ಆ ಸೀಮೆಯನ್ನು ನೆನೆದಾಗಲೆಲ್ಲ ಅಮೀರಬಾಯಿಯವರ ನೆನಪಾಗುತ್ತದೆ. ಅಂದಿನ ಅವಿಭಜಿತ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಆಕೆ, ಸೋದರಿ ಗೋಹರಬಾಯಿಯಂತೆಯೇ ನಾಟಕಗಳಲ್ಲಿ ಬಣ್ಣ ಹಚ್ಚಿ, ಮುಂದೆ ಮುಂಬಯಿಯ ಚಿತ್ರರಂಗ ಸೇರಿದರು. ಮೊದಲು ನಟಿ, ಹಿನ್ನೆಲೆ ಗಾಯನ ಬೇರೂರಿದ ಮೇಲೆ ಮುಖ್ಯವಾಗಿ ಗಾಯಕಿ. 1943ರ ‘ಕಿಸ್ಮತ್’ ಚಿತ್ರದಲ್ಲಿ ತೆರೆಯ ಮೇಲಿನ ಮುಖ ಮುಮ್ತಾಜ್ ಶಾಂತಿಯವರದು, ಕಂಠ ಇವರದು. ರಂಗದ ಮೇಲೆ ಒಂದಾಗಿದ್ದ ಮುಖವನ್ನೂ ದನಿಯನ್ನೂ ಸಿನಿಮಾ ಹೀಗೆ ಅಗಲಿಸಿತು.

ಉಳಿದದ್ದು ದನಿ, ಅದರೊಡನೆ ‘ಕರ್ನಾಟಕಿ’ ಎಂಬ ಹೆಸರು. 1965ರಲ್ಲಿ ಅವರು ತೀರಿಕೊಂಡಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರು. ಅದು ಕರ್ನಾಟಕವಾದದ್ದು 1973ರಲ್ಲಿ. ನಾಡಿಗಿಂತ ಮೊದಲೇ ಆ ಹೆಸರು ಹೊತ್ತವರನ್ನು ನಾಡು ಎಷ್ಟು ನೆನೆದಿದೆ? ಬಾನುಲಿಯಲ್ಲಿ ಆ ದನಿ ಕೇಳಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.