ಧಾರಾವಿಯ ಜೊಂಡು

ಊರಿಂದ ಅವ್ವ ಮೊದಲ ಸಲ ಮುಂಬಯಿಗೆ ಬಂದಾಗ ನಾನು ಧಾರಾವಿಯಲ್ಲಿ ಹತ್ತು ಬೈ ಹನ್ನೆರಡರ ಒಂದು ಖೋಲಿಯಲ್ಲಿದ್ದೆ. ಸಮುದ್ರ ತೋರಿಸುತ್ತೇನೆ ಎಂದು ಮಾಹೀಮ್ ಕಡೆಗೆ ನಡೆಸಿಕೊಂಡು ಹೊರಟಿದ್ದೆ. ದಾರಿಯಲ್ಲಿ ಕಪ್ಪು ನೀರಿನ ನಾಲೆಯ ಅಂಚಿಗೆ ಅವ್ವ ನಿಂತುಬಿಟ್ಟಳು. "ಏ ತಮ್ಮಾ, ನಮ್ಮ ಹಳ್ಳದಾಗಿನ ಜೊಂಡು ಇಲ್ಲಿಗೂ ಬಂದದಲ್ಲೋ!" ಎಂದಳು. ನಾನು ದಿನಾ ಆ ದಾರಿಯಲ್ಲೇ ಓಡಾಡುತ್ತಿದ್ದೆ, ಆದರೂ ಒಂದು ದಿನವೂ ಅದನ್ನು ಗಮನಿಸಿರಲಿಲ್ಲ. ಆಳೆತ್ತರದ ಎಲೆಗಳು, ನಡುವೆ ಕಂದು ಬಣ್ಣದ ಸೌತೆಕಾಯಿಯಂಥ ತೆನೆ. ಸಮುದ್ರ ನೋಡಿದ್ದನ್ನು ಅವ್ವ ಊರಲ್ಲಿ ಯಾರಿಗೂ ಹೇಳಲಿಲ್ಲವಂತೆ, ಜೊಂಡು ನೋಡಿದ್ದನ್ನು ಮಾತ್ರ ಎಲ್ಲರಿಗೂ ಹೇಳಿದಳಂತೆ.

ಈ ಜಾತಿಯ ಹುಲ್ಲುಗಳ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನೋಡಲು ಎಲ್ಲವೂ ಒಂದೇ ಥರ ಕಂಡರೂ ಕುಟುಂಬಗಳು ಬೇರೆ. ಜುಂಕೇಸಿ ಎಂಬ ಕುಟುಂಬದಲ್ಲಿ ಸುಮಾರು 450 ಪ್ರಭೇದಗಳಿವೆ. ಅವು ಹೆಚ್ಚಾಗಿ ತಂಪು ದೇಶಗಳಲ್ಲಿ, ಬೆಟ್ಟದ ಜವುಗಿನಲ್ಲಿ ಬೆಳೆಯುತ್ತವೆ. ಜಪಾನಿನವರು ಮನೆಯೊಳಗೆ ಹಾಸುವ ತತಾಮಿ ಚಾಪೆಯ ಮೇಲ್ಪದರ ಇದರದ್ದೇ. ನಮ್ಮ ಕಡೆ ಹೊಲದಲ್ಲಿ ರೈತರ ಜೀವ ತಿನ್ನುವ ಜೇಕು ಇದೆಯಲ್ಲ, ಅದು ಸೈಪರೇಸಿ ಕುಟುಂಬದ್ದು. ಇದರಲ್ಲಿ ಐದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ಸಾಮಾನ್ಯವಾಗಿ ಮೂರು ಮೂಲೆ ತಾಗುತ್ತದೆ. ಅವ್ವ ಗುರುತಿಸಿದ ಜೊಂಡು ಟೈಫಾ. ಅದರದ್ದು ಮೂರನೆಯ ಕುಟುಂಬ. ತೆನೆಯ ಮೇಲ್ಭಾಗ ಗಂಡು, ಕೆಳಗಿನ ದಪ್ಪ ಭಾಗ ಹೆಣ್ಣು. ಒಣಗಿದಾಗ ಹತ್ತಿಯಂತೆ ಬಿಚ್ಚಿಕೊಂಡು ಲೆಕ್ಕವಿಲ್ಲದಷ್ಟು ಬೀಜ ಗಾಳಿಗೆ ಹಾರುತ್ತದೆ. ಹೀಗಾಗಿ ಅದು ನಮ್ಮ ಹಳ್ಳದಿಂದ ಧಾರಾವಿಗೆ ಬರಬೇಕಾಗಿರಲಿಲ್ಲ, ನಮಗಿಂತ ಮೊದಲೇ ಇಲ್ಲಿತ್ತು.

ಆದರೆ ಸಮುದ್ರದ ಪಕ್ಕ ಜೊಂಡು ಹೇಗೆ? ಇದೇ ನನ್ನ ತಲೆಯಲ್ಲಿ ಬಹಳ ದಿನ ಕೊರೆದ ಪ್ರಶ್ನೆ. ಭರತದ ಉಪ್ಪುನೀರು ದಿನಕ್ಕೆರಡು ಸಲ ಬಂದುಹೋಗುವ ಕೆಸರಿನಲ್ಲಿ ಬೆಳೆಯುವುದು ಕಾಂಡ್ಲಾ ಗಿಡ. ಮರಾಠಿಯವರು ತಿವರ ಎನ್ನುತ್ತಾರೆ. ಜೊಂಡಿಗೆ ಒಂದಿಷ್ಟು ಉಪ್ಪು ನಡೆದೀತು, ಆದರೆ ಬೇಕಾದದ್ದು ಸಿಹಿನೀರು. ಎಂದರೆ ಜೊಂಡು ನಿಂತಿದೆ ಎಂದರೆ ಅಲ್ಲಿ ಸಮುದ್ರದ ಕೈ ಸೋತಿದೆ, ಮಳೆಯದೋ ಗಟಾರದ್ದೋ ನೀರು ಗೆದ್ದಿದೆ ಎಂದು ಲೆಕ್ಕ. ಧಾರಾವಿಯ ಚರಿತ್ರೆಯೂ ಇಷ್ಟೇ ಎಂದು ನನಗೆ ಆಮೇಲೆ ಅನ್ನಿಸತೊಡಗಿತು.

ಧಾರಾವಿ ಮೂಲತಃ ಮೀನುಗಾರರ ಊರು. 1909ರ ಮುಂಬಯಿ ಗೆಜೆಟಿಯರ್ ಇದನ್ನು ನಗರದ ಆರು ದೊಡ್ಡ ಕೋಳಿವಾಡಗಳಲ್ಲಿ ಒಂದೆಂದು ಹೆಸರಿಸಿದೆ. ಮಿಠಿ ನದಿ ಮಾಹೀಮ್ ಕೊಲ್ಲಿಗೆ ಸೇರುವ ಜಾಗ ಇದು. ಕಾಲಾ ಕಿಲ್ಲಾ ಎಂದು ಬಸ್ಸಿನ ಬೋರ್ಡಿನಲ್ಲಿ ಓದಿರುತ್ತೀರಿ. ಆ ಹೆಸರಿನ ಕೋಟೆ ಈಗಲೂ ಮನೆಗಳ ಮಧ್ಯೆ ಇದೆ, ಗೋಡೆಯ ಕಲ್ಲಿನಲ್ಲಿ 1737ನೇ ಇಸವಿ ಕೆತ್ತಿದೆ. ಇಂಗ್ಲಿಷರು ಅದನ್ನು ಕಟ್ಟಿಸಿದ್ದು ನೀರಿನ ಮೇಲೆ ಕಣ್ಣಿಡಲಿಕ್ಕೆ. ಇವತ್ತು ಅಲ್ಲಿ ನಿಂತರೆ ಕಾಣುವುದು ತಗಡಿನ ಸೂರು. ನೆಲ ಎಷ್ಟು ಮುಂದೆ ಹೋಗಿದೆ ಎಂಬುದಕ್ಕೆ ಬೇರೆ ನಕ್ಷೆ ಬೇಕಿಲ್ಲ.

ಬದಲಾವಣೆ ದಾರಿಗಳಿಂದ ಶುರುವಾಯಿತು. 19ನೇ ಶತಮಾನದ ಆರಂಭದಲ್ಲಿ ಸಾಯನ್ ಬಳಿ ಒಡ್ಡು ರಸ್ತೆ ಬಂತು. 1845ರಲ್ಲಿ ಮಾಹೀಮ್ ಮತ್ತು ಬಾಂದ್ರಾ ನಡುವೆ ಇನ್ನೊಂದು ಬಂತು. ಈ ಎರಡನೆಯದಕ್ಕೆ ಹಣ ಕೊಟ್ಟವರು ಜಮ್ಷೆಟ್‌ಜೀ ಜೀಜೀಭಾಯ್ ಅವರ ಪತ್ನಿ ಆವಾಬಾಯಿ. ನಾವು ಎಲ್.ಜೆ. ರೋಡ್ ಎಂದು ಕರೆಯುವ ಲೇಡಿ ಜಮ್ಷೆಡ್‌ಜೀ ರಸ್ತೆಯ ಲೇಡಿ ಅವರೇ. ಜನಕ್ಕೆ ಬಹಳ ಅನುಕೂಲವಾಯಿತು, ದೋಣಿ ಮಗುಚಿ ಸಾಯುವುದು ತಪ್ಪಿತು. ಕೊಲ್ಲಿಗೆ ಮಾತ್ರ ಕುತ್ತಿಗೆ ಹಿಸುಕಿದಂತಾಯಿತು. ಹೂಳು ತುಂಬಿತು, ಕೋಳಿಗಳ ಮೀನು ಕಡಿಮೆಯಾಯಿತು, ಉಪ್ಪಿನ ಕೆಸರು ಸಪ್ಪೆಯಾಯಿತು.

ಆ ಸಪ್ಪೆ ಕೆಸರಿಗೆ ಬಂದವರು ನಾವು. ನಾವು ಎಂದರೆ ತೊಗಲಿನ ಕೆಲಸದ ತಿರುನೆಲ್ವೇಲಿಯವರು, ಸೌರಾಷ್ಟ್ರದ ಕುಂಬಾರರು, ಆಮೇಲೆ ಉತ್ತರದವರು, ಮತ್ತೆ ನಮ್ಮ ಕಲಬುರಗಿ, ರಾಯಚೂರು ಕಡೆಯ ಗಾರೆ ಕೆಲಸದವರು. ಮಾಟುಂಗಾದ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಬರುವ ಎಷ್ಟೋ ಜನರಿಗೆ, ರೈಲು ಹಳಿಯ ಆಚೆ ಧಾರಾವಿಯಲ್ಲಿ ಇಷ್ಟು ಕನ್ನಡ ಕೇಳುತ್ತದೆ ಎಂಬುದು ಇನ್ನೂ ಗೊತ್ತಿಲ್ಲ. ಇರಲಿ, ಅದು ಬೇರೆ ಜಗಳ.

ನೆಲ ಮಾಡಿದ್ದು ಹೇಗೆಂದು ನಮ್ಮ ಚಾಳಿನ ಹಿರಿಯರೊಬ್ಬರು ಹೇಳುತ್ತಿದ್ದರು. ಜೊಂಡು ಕೊಯ್ದು ಅಲ್ಲೇ ಮಲಗಿಸುವುದು, ಅದರ ಮೇಲೆ ತೆಂಗಿನ ಗರಿ, ಅದರ ಮೇಲೆ ಕಸ, ಕೆಡವಿದ ಕಟ್ಟಡದ ಇಟ್ಟಿಗೆ ಚೂರು, ಮಣ್ಣು. ಒಂದು ಮಳೆಗಾಲಕ್ಕೆ ಒಂದು ಗೇಣು ಕುಸಿಯುತ್ತಿತ್ತು, ಮತ್ತೆ ತುಂಬುವುದು. ಹೀಗೆ ತುಂಬಿದ ನೆಲವನ್ನು ಕೊಂಡು, ದಾದಾಗಳಿಗೆ ದುಡ್ಡು ಕೊಟ್ಟು, ಜನ ಮನೆ ಕಟ್ಟಿದರು. ಸರಕಾರದ ಕಾಗದದಲ್ಲಿ ಅದು ಅತಿಕ್ರಮಣ. ನೆಲವೇ ಇಲ್ಲದ ಕಡೆ ನೆಲ ಮಾಡಿದವನನ್ನು ಏನೆನ್ನಬೇಕು ಎಂಬುದಕ್ಕೆ ಕಾಗದದಲ್ಲಿ ಶಬ್ದವಿಲ್ಲ. ನಮ್ಮ ಖೋಲಿಯ ಮೂಲೆಯಲ್ಲಿ ಪ್ರತಿ ಆಷಾಢಕ್ಕೆ ನೀರು ಒಸರುತ್ತಿತ್ತು. ಒಂದು ಸಲ ಫರಸಿಯ ಸಂದಿನಲ್ಲಿ ಹಸಿರು ಮೊಳಕೆ ಎದ್ದಿತ್ತು. ಹೆಂಡತಿ ಅದನ್ನು ಕೀಳಲು ಹೋದರೆ ಅವ್ವ ಬೇಡ ಎಂದಳು. ಆಮೇಲೆ ತಾನೇ ಕಿತ್ತಳು.

ತಿರುನೆಲ್ವೇಲಿಯವರ ಜಿಲ್ಲೆಯಲ್ಲೇ ಪತ್ತಮಡೈ ಎಂಬ ಊರಿದೆ. ತಾಮ್ರಪರ್ಣಿಯ ದಡದ ಕೋರೈ ಹುಲ್ಲಿನಿಂದ ರೇಷ್ಮೆಯಷ್ಟು ನುಣುಪಾದ ಚಾಪೆ ನೇಯುತ್ತಾರೆ. ನಮ್ಮ ಪಕ್ಕದ ಮನೆಯ ಅಕ್ಕ ಮಗಳ ಮದುವೆಗೆ ಅಂಥದ್ದೊಂದು ತರಿಸಿದ್ದರು. ಜೇಕಿನ ಬಳಗದ ಹುಲ್ಲಿಗೂ ಇಂಥ ಮರ್ಯಾದೆ ಸಿಗುತ್ತದೆಂದು ಅವ್ವನಿಗೆ ನಂಬಿಸಲು ಸಾಕುಬೇಕಾಯಿತು.

2005ರ ಜುಲೈ 26 ಮುಂಬಯಿಯವರು ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮಿಠಿಯ ಬಗ್ಗೆ ಎಲ್ಲರಿಗೂ ಆಗ ಜ್ಞಾನೋದಯವಾಯಿತು. ಬಾಂದ್ರಾ-ಕುರ್ಲಾ ಸಂಕೀರ್ಣ ಎದ್ದಿರುವುದೂ ಇದೇ ಜವುಗನ್ನು ತುಂಬಿದ ನೆಲದ ಮೇಲೆ. ಅಲ್ಲಿಯದಕ್ಕೆ ಯಾರೂ ಅತಿಕ್ರಮಣ ಎನ್ನಲಿಲ್ಲ, ಅಭಿವೃದ್ಧಿ ಎಂದರು.

ಕಸವೂ ಕಾಡಾಗಬಹುದು ಎನ್ನುವುದಕ್ಕೆ ಮಾತ್ರ ಒಂದು ಉದಾಹರಣೆ ಇಲ್ಲೇ ಇದೆ. ಸಾಯನ್-ಬಾಂದ್ರಾ ಲಿಂಕ್ ರಸ್ತೆಯ ಮಹಾರಾಷ್ಟ್ರ ನಿಸರ್ಗ ಉದ್ಯಾನ, ಸುಮಾರು 37 ಎಕರೆ, ಹಿಂದೆ ನಗರದ ಕಸದ ಗುಡ್ಡವಾಗಿತ್ತು. ಪಕ್ಷಿತಜ್ಞ ಸಲೀಂ ಅಲಿ ಅಲ್ಲಿ ಗಿಡ ನೆಟ್ಟರು. 1994ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಳೆದ ಮಳೆಗಾಲ ಮುಗಿದ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೊರಗಿನ ನಾಲೆಯ ಅಂಚಿನಲ್ಲಿ ಒಂದು ಹಿಡಿ ಜೊಂಡು ನಿಂತಿತ್ತು. ತೆನೆ ಕಂಡು ಅವಳು ಇಂಗ್ಲಿಷಿನಲ್ಲಿ "ಹಾಟ್ ಡಾಗ್" ಎಂದಳು! ನಕ್ಕುಬಿಟ್ಟೆ.

ಈಗ ಪುನರಭಿವೃದ್ಧಿಯ ಸರ್ವೆ ಮನೆಮನೆಗೂ ಬಂದಿದೆ. 2000ನೇ ಇಸವಿ ಜನವರಿ 1ಕ್ಕಿಂತ ಮುಂಚಿನ ದಾಖಲೆ ಇದ್ದವರಿಗೆ ಧಾರಾವಿಯಲ್ಲೇ ಮನೆ. ಉಳಿದವರು ಹೊರಗೆ ಹೋಗಬೇಕು. ನಮ್ಮ ಹಳೆಯ ಗಲ್ಲಿಯ ಮೇಲಂತಸ್ತಿನ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿ, "ಕಾಕಾ, ನಮ್ಮನ್ನ ಎಲ್ಲಿಗೆ ಕಳಿಸ್ತಾರಂತ?" ಎಂದು ಕೇಳಿದ. ಇಂಥವರಿಗೆ ಮನೆ ಕಟ್ಟಲು 2024ರಲ್ಲಿ ಕೇಂದ್ರ ಸರಕಾರ ಒಪ್ಪಿದ್ದು ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್ ಕಡೆಯ ಸುಮಾರು 256 ಎಕರೆ ಉಪ್ಪಿನಾಗರಗಳ ಜಮೀನು. ಅಲ್ಲಿಯೂ ಕೊಲ್ಲಿಯ ನೀರು, ಅಲ್ಲಿಯೂ ಕಾಂಡ್ಲಾ. ಹುಡುಗನಿಗೆ ಹೇಳಿದೆ: ಹೋಗಿ ನೋಡು, ಮಳೆಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ. ಜೊಂಡು ಎಲ್ಲಿ ನಿಂತಿದೆ ಎಂದು ಗುರುತು ಮಾಡಿಕೊಂಡು ಬಾ.